ಅಕ್ಕಡಿ ಸಾಲಿನ ಅವರೆ

ಮೇ ೧೧, ಭಾನುವಾರ, ಬೆಳಿಗ್ಗೆ ಆರೂಕಾಲು. ನಮ್ಮ ಹೊಲದ ಚರಿತ್ರೆ ಬರೆಯಲು ಕೂತಿದ್ದೇನೆ. ತಾರೀಖು, ಗಂಟೆ ಹಾಕದೆ ಡೈರಿಯಲ್ಲಿ ಒಂದಕ್ಷರ ಬರೆಯದವಳು ನಾನು. ಹುಟ್ಟಿದ್ದು ಮಾತ್ರ ತಾರೀಖನ್ನೇ ನಂಬದ ಮನೆಯಲ್ಲಿ.

"ಬಾವಿ ತೋಡಿದ್ದು ಯಾವ ವರ್ಷ ಅಜ್ಜಿ?"

"ನಿಮ್ಮಪ್ಪ ಒಟ್ಟೇಲಿದ್ದ ಕಣಮ್ಮಿ. ಅವರೆ ಊ ಬಿಟ್ಟಿತ್ತು."

ಮುತ್ತಜ್ಜ ಅಣ್ಣನಿಂದ ಬೇರೆಯಾದದ್ದು ಅವರೆಗೆ ಹುಳ ಬಿದ್ದ ವರ್ಷ. ತಾತ ದ್ರಾಕ್ಷಿ ಹಾಕಿ ಕೈ ಸುಟ್ಟುಕೊಂಡದ್ದು ಅವರೆಯ ಸೊಗಡು ಜೋರಾಗಿದ್ದ ವರ್ಷ. ಶಾಸನದ ಕಲ್ಲುಗಳು ಭೂಮಿಯನ್ನು ಯಾರು ಯಾರಿಗೆ ಕೊಟ್ಟರೆಂದು ಹೇಳುತ್ತವೆ, ಅಲ್ಲಿ ಏನು ಬೆಳೆಯಿತೆಂದು ಹೇಳುವುದಿಲ್ಲ. ನಮ್ಮಜ್ಜಿ ಶಾಸನಕ್ಕೆ ಪೂರ್ತಿ ಉಲ್ಟಾ.

ನಮ್ಮಲ್ಲಿ ರಾಗಿ ಗಂಡಸರದು. ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲೂ ಅದರಲ್ಲಿ ಬೆಳೆಯುವ ಅವರೆಯೂ ಹೆಂಗಸರವು. ಗಂಡುಮಕ್ಕಳು ಹಂಚಿಕೊಳ್ಳುತ್ತ ಬಂದ ಹೊಲ ಈಗ ಅಟ್ಟೂರಿನ ಎರಡು ಅಪಾರ್ಟ್‌ಮೆಂಟುಗಳ ನಡುವೆ ಹತ್ತು ಗುಂಟೆಗೆ ಬಂದು ನಿಂತಿದೆ. ಅವರೆ ಮಾತ್ರ ಅತ್ತೆಯಿಂದ ಸೊಸೆಗೆ ಇಡಿಯಾಗಿ ಬಂತು. ಹೋದ ವರ್ಷ ಹೊಲ ಬೀಳು ಬಿಟ್ಟೆವು, ಗಡಿಗೆಯಲ್ಲಿದ್ದ ಬೀಜಕ್ಕೂ ಹುಳ ಹತ್ತಿತು.

ಚಿಕ್ಕಪ್ಪ ಅಲ್ಲಿ ಕಾಂಕ್ರೀಟು ಹಾಕಿಸಿ ಪಾರ್ಕಿಂಗಿಗೆ ಕೊಡುತ್ತಾರಂತೆ. ನಾನು ಬಿತ್ತುತ್ತೇನೆ ಎಂದೆ. "ಬಿತ್ತಮ್ಮ, ಯಾರ್ ಬೇಡ ಅಂದ್ರು? ಒಂದ್ ಸಾಲು ಖಾಲಿ ಕಂಡ್ರೂ ಅಲ್ಲಿ ಕಾರ್ ನಿಲ್ಲಿಸ್ತೀನಿ. ಕಾರಿಗೆ ಕಳೆ ಕೀಳೋ ರಗಳೆ ಇಲ್ಲ ನೋಡು" ಎಂದರು.

ಅಂಗಡಿಯಿಂದ ಅವರೆ ಬೀಜ ತಂದೆ. ಅಜ್ಜಿ ಒಂದು ಕಾಳು ಮೂಸಿದಳು. "ಇದ್ನ ಸಾರಿಗಾಕು. ಒಲಕ್ಕೆ ಬ್ಯಾಡ."

"ಮತ್ತೆ ನಮ್ಮದನ್ನ ಎಲ್ಲಿಂದ ತರಲಿ?"

"ಎಲ್ಲೋಯ್ತದೆ? ಮದುವೆಯಾಗಿ ಓದ ಎಣ್ಮಕ್ಳಿಗೆಲ್ಲ ಮಡಿಲಕ್ಕಿ ಜೊತೆ ಒಂದಿಡಿ ಆಕಿ ಕಳ್ಸಿಲ್ವಾ!"

ಚರಿತ್ರೆಗೆಂದು ನಾನು ಮಾಡಿಟ್ಟುಕೊಂಡಿದ್ದ ಐದು ತಲೆಮಾರಿನ ಪಟ್ಟಿ ತೆಗೆದು ನೋಡಿದೆ. ಹೊಲ ಪಾಲಾದವರ ಹೆಸರೆಲ್ಲ ಇತ್ತು, ಬೀಜ ಕೊಂಡುಹೋದ ಒಬ್ಬಳದೂ ಇರಲಿಲ್ಲ. ಅಂದೇ ಚಿಕ್ಕಬಾಣಾವರದ ಸೋದರತ್ತೆಗೆ ಫೋನು ಮಾಡಿದೆ. "ಅಯ್ಯೋ, ನಮ್ ಹೊಲಾನೇ ಲೇಔಟ್ ಆಯ್ತಲ್ಲೇ! ನನ್ ನಾದಿನಿಗೆ ಕೊಟ್ಟಿದ್ದೆ, ಕೇಳ್ತೀನಿ ಇರು" ಎಂದರು. ನಾದಿನಿ ತನ್ನ ಓರಗಿತ್ತಿಗೆ ಕೊಟ್ಟಿದ್ದಾಳಂತೆ, ಆಕೆ ಇನ್ಯಾರಿಗೋ. ನಮ್ಮ ಹೊಲ ನಾನು ಅಳೆದದ್ದಕ್ಕಿಂತ ದೊಡ್ಡದಿದೆ.

ನಿನ್ನೆ ಟ್ರ್ಯಾಕ್ಟರ್ ಕರೆಸಿ ಉಳುಮೆ ಮಾಡಿಸಿದೆ. ಆಷಾಢದಲ್ಲಿ ರಾಗಿ ಬಿತ್ತುವುದು ಖಂಡಿತ. ಅಕ್ಕಡಿ ಸಾಲುಗಳಿಗೆ ಕಾಳು ಬೇಕು.

ಈ ಚರಿತ್ರೆ ಓದುತ್ತಿರುವವರೇ, ಅಟ್ಟೂರಿನ ಹೆಣ್ಣೊಬ್ಬಳು ಎಂದಾದರೂ ನಿಮ್ಮ ಮನೆಗೆ ಸೊಸೆಯಾಗಿ ಬಂದಿದ್ದರೆ, ನಿಮ್ಮ ಹಿತ್ತಲಲ್ಲಿ ಕಾಳಿನ ಕಣ್ಣಿನ ಸುತ್ತ ಕೆಂಪು ಗೆರೆಯಿರುವ ಅವರೆ ಬೆಳೆಯುತ್ತಿದ್ದರೆ, ದಯವಿಟ್ಟು ಬರೆಯಿರಿ. ಒಂದು ಹಿಡಿ ಸಾಕು. ಅವಳು ಬಂದ ಇಸವಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆ ವರ್ಷ ಅವರೆ ಹೇಗಿತ್ತೆಂದು ತಿಳಿಸಿ.