ಒಂಬತ್ತು ದಿನ ಮುಚ್ಚಿಟ್ಟ ಸಿಹಿಸುದ್ದಿ

ನನ್ನ ಮೊಮ್ಮಗಳು ತನ್ವಿಗೆ ಅವಳು ಆಸೆಪಟ್ಟ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತೆಂಬ ಸುದ್ದಿಯನ್ನು ನಾನು ಒಂಬತ್ತು ದಿನ ಮುಚ್ಚಿಟ್ಟೆ. ಅವಳು ದಿನಾ ಕೇಳಿದಳು. ನಾನು ದಿನಾ "ಇನ್ನೂ ಬಂದಿಲ್ಲ" ಎಂದೆ. ಒಂಬತ್ತು ದಿನ, ದಿನಕ್ಕೊಂದೆಂದು ಹಿಡಿದರೂ ಒಂಬತ್ತು ಸುಳ್ಳು — ಅಲ್ಲ, ಹತ್ತು. ಆ ಹತ್ತನೆಯದೇ ಎಲ್ಲಕ್ಕಿಂತ ಕೆಟ್ಟದ್ದು.

ನಾನು ಮೂವತ್ತನಾಲ್ಕು ವರ್ಷ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಐದಕ್ಕೆ ಏಳುವುದು, ಆರಕ್ಕೆ ಕೆಲಸ ಹಿಡಿಯುವುದು. ಅಮೆರಿಕದ ಶ್ಯಾಂಟಿಲಿ ಊರಿನ ಮಗನ ಮನೆಗೆ ಬಂದ ಮೇಲೂ ಅದು ಒಂದು ದಿನ ತಪ್ಪಿಲ್ಲ. ವಾರ್ಡಿನಲ್ಲಿ ನಮಗೊಂದು ಪದ್ಧತಿ ಇತ್ತು. ರಿಪೋರ್ಟ್ ಬೆಳಿಗ್ಗೆಯೇ ಕೈಸೇರಿದ್ದರೂ ಡಾಕ್ಟರು ರೌಂಡ್ಸಿಗೆ ಬರುವ ತನಕ ರೋಗಿಗೆ ಹೇಳುವಂತಿರಲಿಲ್ಲ. "ರಿಪೋರ್ಟ್ ಬಂತೇನ್ರಿ ಸಿಸ್ಟರ್?" "ಇನ್ನೂ ಬಂದಿಲ್ಲ ನೋಡ್ರಿ." ಮುಖದ ಒಂದು ಗೆರೆಯೂ ಅಲುಗದಂತೆ ಹೇಳುತ್ತಿದ್ದೆ. ಅದು ಸುಳ್ಳೆಂದು ನಮಗೆ ಯಾರಿಗೂ ಅನ್ನಿಸುತ್ತಿರಲಿಲ್ಲ. ಕೆಲಸದ ಭಾಗ, ಅಷ್ಟೆ.

ತನ್ವಿ ಹೈಸ್ಕೂಲು ಮುಗಿಸಿದಾಗ ಆ ವಿಶ್ವವಿದ್ಯಾಲಯ ಅವಳನ್ನು ತೆಗೆದುಕೊಳ್ಳಲಿಲ್ಲ. ಎರಡು ವರ್ಷ, ಕೇಳಿದವರಿಗೆಲ್ಲ ಸೀಟು ಕೊಡುವ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಓದಿ, ಮೂರನೆಯ ವರ್ಷಕ್ಕೆ ಅಲ್ಲಿಗೆ ಟ್ರಾನ್ಸ್‌ಫರ್ ಆಗುವ ದಾರಿ ಹಿಡಿದಳು. ಹಬ್ಬದೂಟಗಳಲ್ಲಿ ಯಾರಾದರೂ "ಎಲ್ಲಿ ಓದ್ತಿದೀಯಾ ಪುಟ್ಟಾ?" ಎಂದರೆ ಕಾಲೇಜಿನ ಹೆಸರನ್ನು ಅರ್ಧ ನುಂಗಿ ಹೇಳುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವಳ ಜೊತೆಗಿದ್ದವಳು ಹಾನಾ — ಇಥಿಯೋಪಿಯಾದಿಂದ ಬಂದವರ ಮಗಳು. ಇಬ್ಬರದೂ ಅದೇ ಕಾಲೇಜು, ಅದೇ ಅರ್ಜಿ, ನಮ್ಮ ಅಡುಗೆಮನೆಯ ಅದೇ ಮೇಜು.

ಎರಡು ವರ್ಷದ ಹಿಂದಿನ ವಸಂತ. ಕೊನೆಯ ಪರೀಕ್ಷೆಗಳು ಹತ್ತಿರ ಬಂದಿದ್ದವು. ಸೀಟು ಸಿಕ್ಕಿತೋ ಇಲ್ಲವೋ ಎಂದು ತಿಳಿಸುವ ವಿಶ್ವವಿದ್ಯಾಲಯದ ವೆಬ್ ಪುಟವನ್ನು ಪದೇ ಪದೇ ತೆರೆದು ನೋಡಿ ಬೇಸತ್ತ ಹುಡುಗಿ ಒಂದು ದಿನ ನನ್ನ ಮುಂದೆ ಬಂದು ಕುಳಿತಳು.

"ಅಜ್ಜಿ, ಎವೆರಿ ಟೆನ್ ಮಿನಿಟ್ಸ್ ಚೆಕ್ ಮಾಡ್ತಾ ಇದೀನಿ. ಓದಕ್ಕೇ ಆಗ್ತಿಲ್ಲ. ಪಾಸ್‌ವರ್ಡ್ ನೀನು ಇಟ್ಕೋ. ಬಂದ್ ಕೂಡ್ಲೇ ಹೇಳ್ಬೇಕು — ಗುಡ್ ಆರ್ ಬ್ಯಾಡ್. ಪ್ರಾಮಿಸ್?"

"ಪ್ರಾಮಿಸ್" ಎಂದೆ.

ಅಂದೇ ನನ್ನಿಂದ ಹೊಸ ಪಾಸ್‌ವರ್ಡ್ ಹಾಕಿಸಿದಳು. ಸೂಚನೆಗಳೆಲ್ಲ ನನ್ನ ಟ್ಯಾಬ್ಲೆಟ್‌ಗೆ ಬರುವಂತೆ ಮಾಡಿದಳು. ಮನೆಯಲ್ಲಿ ಅಪ್ಪ ಇದ್ದ, ಅಮ್ಮ ಇದ್ದಳು. ನಂಬಿದ್ದು ನನ್ನನ್ನು.

ಒಂದು ಬುಧವಾರ, ಬೆಳಿಗ್ಗೆ ಆರಕ್ಕೆ, ಎಂದಿನಂತೆ ತೆರೆದೆ. ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು! ಅಭಿನಂದನೆ, ಅವಳ ಪೂರ್ತಿ ಹೆಸರು — ಕನ್ನಡಕ ಒರೆಸಿ ಮತ್ತೆ ಓದಿದೆ. ಎದ್ದೆ, ಕುಳಿತೆ, ಮತ್ತೆ ಎದ್ದೆ. ಎಪ್ಪತ್ತೊಂದರ ಮಂಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿತು. ಅವಳ ಕೋಣೆಯ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟೆ.

ಅಲ್ಲಿ ನಿಂತೆ. ಪತ್ರದ ಕೆಳಗೆ ಒಂದು ಸಾಲಿತ್ತು: ಈಗ ಓದುತ್ತಿರುವ ವಿಷಯಗಳಲ್ಲಿ ಇದೇ ಮಟ್ಟದ ಅಂಕ ಉಳಿಸಿಕೊಳ್ಳಬೇಕು, ಇಲ್ಲವಾದರೆ ಸೀಟು ಹೋಗುತ್ತದೆ. ಫೆಬ್ರವರಿಯಲ್ಲಿ ಬೇರೊಂದು ಕಾಲೇಜಿನಿಂದ ಕರೆ ಬಂದಾಗ ಇವಳು ನಾಲ್ಕು ದಿನ ಕುಣಿದು ಒಂದು ಟೆಸ್ಟ್ ಹಾಳು ಮಾಡಿಕೊಂಡಿದ್ದಳು. ಕ್ಯಾಲ್ಕುಲಸ್ ಪರೀಕ್ಷೆ ಮುಂದಿನ ಶುಕ್ರವಾರ. ಅದು ಮುಗಿಯಲಿ, ಆಮೇಲೆ — ಹಿಡಿಕೆಯಿಂದ ಕೈ ತೆಗೆದೆ.

ಆದರೆ ಸಂತೋಷ ಎಲ್ಲಿ ಅಡಗೀತು? ದಿನಾ ನನ್ನೊಂದಿಗೆ ವಾಕಿಂಗ್ ಬರುವ ಕೊರಿಯಾದ ಅಜ್ಜಿಯೊಬ್ಬರಿದ್ದಾರೆ. ಅವರಿಗೆ ಕನ್ನಡ ಬಾರದು, ನನಗೆ ಅವರ ಭಾಷೆ ಬಾರದು. ಅಂದು ಅವರ ಎರಡೂ ಕೈ ಹಿಡಿದು ಎಲ್ಲವನ್ನೂ ಕನ್ನಡದಲ್ಲೇ ಹೇಳಿಬಿಟ್ಟೆ. ಏನರ್ಥವಾಯಿತೋ, ಚಪ್ಪಾಳೆ ತಟ್ಟಿ ನಕ್ಕರು. ಮನೆಗೆ ಬಂದು ಹೋಳಿಗೆಗೆ ಬೇಳೆ ಬೇಯಲಿಟ್ಟೆ.

ಮಗ ಗಿರೀಶ ಕೆಳಗಿಳಿದು ಬಂದು ಕೇಳಿದ: "ಯಾರ ಮದುವಿ ಐತವ್ವಾ, ಮುಂಜಾನೆ ಮುಂಜಾನೆ ಹೋಳಿಗಿ?"

"ಬ್ಯಾಳಿಗೆ ಹುಳ ಬೀಳೋ ಹಂಗಿತ್ತು, ಅದಕ್ಕ ಮಾಡೀನಿ. ಸುಮ್ನ ತಿನ್ನು."

ತನ್ವಿ ಎರಡು ಹೋಳಿಗೆ ತಿಂದು ಕೇಳಿದಳು, "ಅಜ್ಜಿ, ಎನಿಥಿಂಗ್?"

"ಇನ್ನೂ ಬಂದಿಲ್ಲ ನೋಡವಾ. ನೀ ಓದು."

ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಮಧ್ಯಾಹ್ನ ಹಾನಾಳ ಫೋನ್ ಬಂತು. ಅವಳ ಕಿರುಚಾಟ ಮೇಜಿನ ಈಚೆಗೂ ಕೇಳಿಸಿತು — ಅವಳಿಗೆ ಸಿಕ್ಕಿತ್ತು. ತನ್ವಿ ನಕ್ಕಳು, ಶುಭ ಹೇಳಿದಳು, ಫೋನ್ ಕೆಳಗಿಟ್ಟಳು. "ಎಲ್ರಿಗೂ ಇವತ್ತೇ ಬಂದಿದೆಯಂತೆ ಅಜ್ಜಿ. ನಂದು?" ಆಗಲೇ ಹೇಳಬೇಕಿತ್ತು. ಆಗಲಾದರೂ — ಆದರೆ ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ತಿರುಗಿಸುವುದು ಹೇಗೆ? "ಇನ್ನೂ ಬಂದಿಲ್ಲ."

ವಿಶ್ವವಿದ್ಯಾಲಯ ಸೇರಿದ ಮೇಲೆ ಹುಡುಗಿಯರಿಬ್ಬರೂ ಒಟ್ಟಿಗೆ ಮನೆ ಮಾಡಿಕೊಂಡಿರಬೇಕೆಂದು ಎಂದೋ ಮಾತಾಗಿತ್ತು. ಅದರ ಅರ್ಜಿಗೆ ಆ ಭಾನುವಾರವೇ ಕೊನೆಯ ದಿನ. ತನ್ವಿ ತಾನೇ ಹಾನಾಳಿಗೆ ಬೇರೆ ಯಾರನ್ನಾದರೂ ನೋಡಿಕೋ ಎಂದಳು. ಹಾನಾಳ ಮನೆಯ ಸಂಭ್ರಮದ ಊಟಕ್ಕೆ ತಲೆನೋವೆಂದು ಹೇಳಿ ಹೋಗಲಿಲ್ಲ. ಆ ಸೋಮವಾರ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು: "ಅಜ್ಜಿ, ನಾನು ದಡ್ಡಿ ಅಲ್ವಾ?"

ಟ್ಯಾಬ್ಲೆಟ್ ನನ್ನ ಮಡಿಲಲ್ಲೇ ಇತ್ತು. "ದಡ್ಡಿ ಯಾಕ ಆಗ್ತಿ? ಏಳು, ಊಟಾ ಮಾಡು" ಎಂದೆ.

ಶುಕ್ರವಾರ ಪರೀಕ್ಷೆ ಮುಗಿಸಿ ಬಂದವಳನ್ನು ಕಾಲೇಜಿನ ಪಾರ್ಕಿಂಗ್‌ನಲ್ಲೇ ಹಿಡಿದೆ. "ಬಂತವಾ! ಇವತ್ತ ಮುಂಜಾನೆ ಬಂತು!" ಹತ್ತನೆಯದು ಇದು. ಅವಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಗಿರೀಶ ಕಾರಿನ ಹಾರ್ನ್ ಒತ್ತಿದ್ದೇ ಒತ್ತಿದ್ದು. ಅಷ್ಟು ಖುಷಿಯ ದಿನ ನನ್ನ ಬಾಳಿನಲ್ಲಿ ಹೆಚ್ಚಿಲ್ಲ — ಇವತ್ತಿಗೂ ನೆನೆದರೆ ಎದೆ ಉಬ್ಬುತ್ತದೆ, ಅದೇ ನಾಚಿಕೆ. ಹಾನಾಳಿಗೆ ಅಷ್ಟರಲ್ಲಿ ಬೇರೆ ಜೊತೆ ಸಿಕ್ಕಿತ್ತು. ತನ್ವಿ ಗುರುತಿಲ್ಲದವರೊಂದಿಗೆ ಇದ್ದು ಓದಿದಳು. ಕ್ಯಾಲ್ಕುಲಸ್‌ನಲ್ಲಿ ಎ ಗ್ರೇಡ್ ಬಂತು. ಅದು ನನ್ನ ಮೌನದಿಂದಲೇ ಬಂದದ್ದೆಂದು ಎರಡು ವರ್ಷ ಹೆಮ್ಮೆಪಟ್ಟೆ.

ಕಳೆದ ತಿಂಗಳು ಪರಿಚಯದವರ ಮಗಳು, ಈಗ ಅದೇ ಕಮ್ಯೂನಿಟಿ ಕಾಲೇಜಿನಲ್ಲಿರುವವಳು, ವಾರಾಂತ್ಯಕ್ಕೆ ಮನೆಗೆ ಬಂದಿದ್ದ ತನ್ವಿಯ ಸಲಹೆ ಕೇಳಲು ಬಂದಿದ್ದಳು. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ.

"ನನ್ನನ್ನ ಕೇಳ್ಬೇಡ" ಎಂದು ತನ್ವಿ ನಕ್ಕಳು. "ಎಲ್ರಿಗೂ ಒಂದೇ ದಿನ ಬಂತು, ನಂಗೆ ನೈನ್ ಡೇಸ್ ಲೇಟ್. ಯಾರೋ ಬೇಡ ಅಂದ್ರು, ಆ ಸೀಟ್ ನಂಗೆ ಕೊಟ್ರು. ಐ ವಾಸ್ ದ ಲೆಫ್ಟ್‌ಓವರ್."

ಎರಡು ವರ್ಷ — ಪ್ರತಿ ತರಗತಿಯಲ್ಲಿ, ಪ್ರತಿ ಬೆಂಚಿನ ಮೇಲೆ — ನನ್ನ ಮೊಮ್ಮಗಳು ತಾನು ಯಾರೋ ಬಿಟ್ಟ ಜಾಗದಲ್ಲಿ ಕೂತಿದ್ದೇನೆ ಎಂದುಕೊಂಡಿದ್ದಳು. ಅವರು ಅವಳನ್ನು ಮೊದಲ ದಿನವೇ ಕರೆದಿದ್ದರು. ಕೊನೆಗೆ ತಳ್ಳಿದವಳು ನಾನು. ಅದನ್ನು ಕೇಳಿದ ಮೇಲೂ ನಾನು ಬಟ್ಟೆ ಮಡಿಸುತ್ತಲೇ ಇದ್ದೆ.

ವಾರ್ಡಿನ ಪದ್ಧತಿಯನ್ನು ಇಲ್ಲಿ ನೆಪವಾಗಿ ತರಲಾರೆ. ಅಲ್ಲಿ ಯಾವ ರೋಗಿಯೂ ನನ್ನಿಂದ ಮಾತು ತೆಗೆದುಕೊಂಡಿರಲಿಲ್ಲ. ಇವಳು ತೆಗೆದುಕೊಂಡಿದ್ದಳು.

ಈ ಶನಿವಾರ ತನ್ವಿ ಮನೆಗೆ ಬರುತ್ತಾಳೆ. ಮಂಗಳವಾರ ಅವಳ ಪದವಿಯ ಕೊನೆಯ ಪರೀಕ್ಷೆ. ಇದನ್ನೆಲ್ಲ ಬುಧವಾರ ಹೇಳೋಣ, ಪರೀಕ್ಷೆಯಾದರೂ ಮುಗಿಯಲಿ ಎಂದುಕೊಂಡೆ — ಅಂದುಕೊಂಡ ಮರುಗಳಿಗೆಯೇ ನನ್ನ ಕೈ ಮತ್ತೆ ಆ ಹಿಡಿಕೆಯಿಂದ ಹಿಂದೆ ಸರಿಯುತ್ತಿರುವುದು ಕಂಡಿತು. ಇಲ್ಲ. ಶನಿವಾರವೇ. ಇದನ್ನು ಬರೆದುಕೊಡೋಣವೆಂದರೆ ಕನ್ನಡ ಓದಲು ಅವಳಿಗೆ ಬರುವುದಿಲ್ಲ, ಬಾಯಿಬಿಟ್ಟೇ ಹೇಳಬೇಕು. ಬಾಗಿಲಲ್ಲಿ, ಅವಳು ಚೀಲ ಕೆಳಗಿಡುವ ಮೊದಲು.