ಅವರ ಕುರ್ಚಿಯಲ್ಲಿ ಅವರ ಫೋಟೊ

ಈ ಯೋಚನೆ ಎಲ್ಲಿ ಶುರುವಾಯಿತೆಂದು ಖಚಿತವಾಗಿ ಹೇಳಲಾರೆ. ಯಳಂದೂರಿನ ಬಸ್ ನಿಲ್ದಾಣದಲ್ಲಿ ಎನ್ನುತ್ತಾಳೆ ಗೆಳತಿ. ನನಗೆ ನೆನಪಿರುವುದು ಕೊಳ್ಳೇಗಾಲದ ನಮ್ಮ ಅಡುಗೆಮನೆ. ಎರಡೂ ಸುಳ್ಳಿರಬಹುದು. ಪಂಚಾಯಿತಿಗೆ ಗೆದ್ದವರು ಹೆಂಗಸರು, ಸಭೆಯಲ್ಲಿ ಕೂರುವವರು ಅವರ ಗಂಡಂದಿರು. ಇದನ್ನು ಎಲ್ಲರಿಗೂ ಕಾಣಿಸಬೇಕೆಂದು ಇಬ್ಬರೂ ಫೇಸ್‌ಬುಕ್ಕಿನಲ್ಲಿ ಒಂದು ಪುಟ ತೆರೆದೆವು. ಸುತ್ತಲಿನ ಸದಸ್ಯೆಯರ ನಂಬರು ಸೇರಿಸಿ ವಾಟ್ಸಾಪ್ ಗುಂಪು ಮಾಡಿ, ‘ನಿಮ್ಮ ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿ ಕಳಿಸಿ’ ಎಂದು ಬರೆದೆವು.

ಫೋಟೊಗಳು ಬೇಗ ಬಂದವು. ಮೊದಲನೆಯದರಲ್ಲಿ ಬಿಳಿ ಅಂಗಿಯ ಗಂಡಸೊಬ್ಬ ಕೂತಿದ್ದ, ಸದಸ್ಯೆ ಪಕ್ಕದಲ್ಲಿ ನಿಂತಿದ್ದರು. ಎರಡನೆಯದರಲ್ಲಿ ಸದಸ್ಯೆಯೇ ಇರಲಿಲ್ಲ. ಪಂಚಾಯಿತಿಗಳಲ್ಲಿ ನಮಗೆ ಕೊಟ್ಟಿದ್ದೆಲ್ಲ ಗಂಡಂದಿರ ನಂಬರು.

‘ಮೇಡಮ್ಮೋರೆ, ಪೋಟ ಚೆನ್ನಾಗ್ ಬಂದದಾ?’ ಎಂದು ಒಬ್ಬ ಕೇಳಿದ.

ಗುಂಪನ್ನು ಅಳಿಸಿಬಿಡೋಣ ಎಂದಳು ಗೆಳತಿ. ಅಷ್ಟರಲ್ಲಿ ಹನೂರಿನಾಚೆ ಕಾಡಂಚಿನ ಊರಿನ ಸದಸ್ಯೆಯೊಬ್ಬರ ವಾಯ್ಸ್ ಮೆಸೇಜು ಬಂತು.

‘ಅಕ್ಕಾ, ಇದು ನಮ್ಮೆಜಮಾನ್ರ ಪೋನು. ಮೀಯಕ್ಕೋಗವ್ರೆ, ಅದಕೇ ಬಿರ್ನೆ ಇಸ್ಯ ಏಳ್ಬುಡ್ತೀನಿ. ಗೆದ್ದಾಗಿಂದ ಒಂದ್ಸಲನೂ ಆ ಕುರ್ಚೀಲಿ ಕುಂತಿಲ್ಲ ಕಣಕ್ಕ. ಸುಕ್ರವಾರ ಮೀಟಿಂಗದೆ. ಆನೆ ಕಂದಕ ಮುಚ್ಚೋಗದೆ, ಅದ ನಾನೇ ಮಾತಾಡ್ಬೇಕು. ರಾಗಿ ಕಾಯೋಳು ನಾನು, ಅವ್ರಲ್ಲ.’

ತಿರುಗಿ ಫೋನ್ ಮಾಡಿದಾಗ ಎತ್ತಿದ್ದು ಗಂಡ. ‘ಅವ್ಳು ಒಲಕ್ಕೋಗವ್ಳೆ. ನಂಗೇ ಏಳಿ. ಯಾರ್ಗೇಳುದ್ರೂ ಒಂದೇಯ.’

ಒಂದೇ ಅಲ್ಲ ಎಂದು ಉತ್ತರಿಸಿದೆನೆಂದು ಈಗ ಅನ್ನಿಸುತ್ತದೆ. ಆಗ ‘ಆಯ್ತು’ ಅಂದಿದ್ದರೂ ಅಂದಿರಬಹುದು.

ಶುಕ್ರವಾರ ಮಧ್ಯಾಹ್ನ ಅದೇ ನಂಬರಿನಿಂದ ಫೋಟೊ ಬಂತು. ಮೂಲೆಯಲ್ಲಿ ತೆಗೆದವರ ಬೆರಳು ಅಡ್ಡ ಬಂದಿತ್ತು. ಕುರ್ಚಿಯಲ್ಲಿ ಆಕೆ, ಕೈಗಳೆರಡೂ ಮೇಜಿನ ಮೇಲೆ. ಬೆರಳಿನ ಸಮೇತ ಅದನ್ನೇ ಪುಟಕ್ಕೆ ಹಾಕಿದೆವು. ಸಭೆಯೊಳಗೆ ನಡೆದದ್ದನ್ನು ನಾನು ನೋಡಿಲ್ಲ. ನೋಡಿದಂತೆ ವರ್ಣಿಸುವುದಕ್ಕಿಂತ ಆಮೇಲೆ ಆಕೆ ಹೇಳಿದ್ದನ್ನೇ ಬರೆಯುತ್ತೇನೆ.

‘ಅವ್ರು ಮೊದ್ಲೇ ಬಂದು ಕುಂತಿದ್ರು. ಮೇಡಮ್ಮೋರು ಪೋಟ ಕೇಳವ್ರೆ, ಎದ್ದು ಒಂದ್ ತಗೀರಿ ಅಂದಿ. ಪೋನು ಅವ್ರದೇ ಅಲ್ವಾ, ಎದ್ರು. ನಾನು ಕುಂತ್ಕಂಡಿ. ತಗದ್ಬುಟ್ಟು, ಆಯ್ತಲ್ಲ ಏಳಮ್ಮಿ ಅಂದ್ರು. ಎಲ್ರೂ ನಗಾಡುದ್ರು. ನಾನು, ಮೀಟಿಂಗ್ ಸುರುವಾಗದೆ, ನೀವು ಈಚೆ ನಿಂತ್ಕಳಿ ಅಂದಿ ಕಣಕ್ಕ. ಕಂದಕದ ಮಾತ ಮುಗಿಸ್ಕಂಡೇ ಎದ್ದಿದ್ದು.’