ಎರಡನೇ ಸಿ.ಡಿ.ಯ ಕೊನೆಯ ಹನ್ನೆರಡು ನಿಮಿಷ

ಜುಲೈ 14, ಭಾನುವಾರ, ಮಧ್ಯಾಹ್ನ 2 ಗಂಟೆ 10 ನಿಮಿಷ. ಅಪ್ಪ ಮತ್ತು ನಾನು ನಮ್ಮ ಪಿಕ್ಚರನ್ನು ನಲವತ್ತೇಳನೇ ಸಲ ನೋಡಲು ಕೂತೆವು. ಅದಕ್ಕೆ ಮುಂಚಿನ ನಲವತ್ತಾರರಲ್ಲಿ ಮೊದಲ ಆರು ನೆನಪಿನಿಂದ ಬರೆದುಕೊಂಡವು. ಉಳಿದ ನಲವತ್ತಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ತಾರೀಕು, ಶುರುವಾದ ಹೊತ್ತು, ಅಪ್ಪ ನಿದ್ದೆಹೋದ ಹೊತ್ತು ಮೂರೂ ಇವೆ.

ಪಿಕ್ಚರಿನ ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲರೂ ನೆಟ್ಟಿನಲ್ಲಿ ಹುಡುಕಿ ನೋಡಿಬಿಡುತ್ತಾರೆ. ನನಗೆ ಬೇಕಾಗಿರುವುದು ಹಿಂದೆ ನೋಡಿದವರ ನೆನಪು. ಕತೆ ಹೇಳಿದರೆ ಸಾಕು, ನೋಡಿದವರಿಗೆ ಗೊತ್ತಾಗುತ್ತದೆ. ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನೊಬ್ಬ ತಾಯಿಯ ಜೊತೆ ಜಗಳವಾಡಿ ಮನೆ ಬಿಡುತ್ತಾನೆ. ಮನೆಯ ಮೇಕೆ ಅವನ ಹಿಂದೆಯೇ ಹೊರಡುತ್ತದೆ. ಅವನು ಹೋದ ಮದುವೆ ಮನೆಗಳಲ್ಲೆಲ್ಲ ಮೇಕೆ ಚಪ್ಪರದ ಬಾಳೆಕಂಬ ತಿನ್ನುತ್ತದೆ, ಬೀಗರ ಶಲ್ಯ ತಿನ್ನುತ್ತದೆ, ಒಂದು ಕಡೆ ಲಗ್ನಪತ್ರಿಕೆಯನ್ನೇ ತಿಂದು ಮುಹೂರ್ತ ಯಾವಾಗ ಎಂಬುದೇ ಯಾರಿಗೂ ಗೊತ್ತಾಗದ ಹಾಗೆ ಮಾಡುತ್ತದೆ. ಎರಡು ಗಂಟೆಗೂ ಮೀರಿ ನಗುವೋ ನಗು. ಕೊನೆಯ ಹನ್ನೆರಡು ನಿಮಿಷ ಮಾತ್ರ ಹಾಗಲ್ಲ. ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬರುತ್ತದೆ. ಅವನು ಬ್ಯಾಂಡಿನ ಕೆಂಪು ಕೋಟಿನಲ್ಲೇ ಓಡಿ ಬಂದು ಆಸ್ಪತ್ರೆ ಬಾಗಿಲು ಮುಟ್ಟುವಾಗ ನರ್ಸು ಖಾಲಿ ಮಂಚದ ಮೇಲಿನ ಚಾದರ ಮಡಿಸುತ್ತಿರುತ್ತಾಳೆ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರು. ಅರಸೀಕೆರೆಯಿಂದ ಬಾಣಾವರ, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗಿ ಬರುವುದು ಅವರ ರೂಟು. ವಾರವೆಲ್ಲ ಬೆಳಗ್ಗೆ ನಾಲ್ಕಕ್ಕೆ ಏಳುತ್ತಾರೆ. ಭಾನುವಾರ ರಜೆ. ಮಧ್ಯಾಹ್ನ ಎರಡು ಮುದ್ದೆ, ಬಸ್ಸಾರು, ಆಮೇಲೆ ಚಾಪೆ, ದಿಂಬು, ಪಿಕ್ಚರು. ಅಮ್ಮನಿಗೆ ಆ ಹೊತ್ತಿಗೆ ಮಹಿಳಾ ಸಂಘದ ಮೀಟಿಂಗು. “ಅಪ್ಪ ಮಗಳು ಇಬ್ರಿಗೂ ಆ ಮೇಕೆ ಏನ್ ಮದ್ದು ಹಾಕೈತೋ” ಎಂದು ಬಾಗಿಲೆಳೆದುಕೊಂಡು ಹೋಗುತ್ತಾಳೆ. ಹಾಗಾಗಿ ಅವಳು ಪಿಕ್ಚರಿನ ಕೊನೆಯನ್ನು ನೋಡಿದವಳೇ ಅಲ್ಲ.

ಅಪ್ಪನೂ ನೋಡಿರಲಿಲ್ಲ. ನನ್ನ ಲೆಕ್ಕದ ಪ್ರಕಾರ ಅವರು ಅತಿ ಬೇಗ ಮಲಗಿದ್ದು ಹೆಸರುಗಳು ಬರುವಾಗಲೇ. ಅತಿ ತಡವಾಗಿ ಮಲಗಿದ್ದು ಒಂದು ಗಂಟೆ ಮೂವತ್ತೊಂದನೇ ನಿಮಿಷಕ್ಕೆ. ಇಂಟರ್‌ವಲ್ ದಾಟಿದ್ದು ಮೂರು ಸಲ. ಕೊನೆ ಮುಟ್ಟಿದ್ದು ಸೊನ್ನೆ.

ಅವರು ಇದನ್ನು ಮೊದಲು ನೋಡಿದ್ದು ಚಿಕ್ಕಂದಿನಲ್ಲಿ, ಬೇಲೂರಿನ ಟೆಂಟ್ ಸಿನಿಮಾದಲ್ಲಿ, ನನ್ನ ಅಜ್ಜಿಯ, ಅಂದರೆ ಅವರ ತಾಯಿಯ ಜೊತೆ. ಗೆಂಡೆಹಳ್ಳಿಗೆ ಕೊನೇ ಬಸ್ಸು ತಪ್ಪಿಹೋಗುತ್ತದೆಂದು ಇಬ್ಬರೂ ಅರ್ಧಕ್ಕೇ ಎದ್ದು ಬಂದಿದ್ದರು. ಆಮೇಲೆ ಎಷ್ಟೋ ವರ್ಷ, ಕೊನೆಗೆ ಏನಾಗಿರಬಹುದು ಎಂದು ತಾಯಿ ಮಗ ಮಾತಾಡಿಕೊಳ್ಳುತ್ತಿದ್ದರಂತೆ. ಎಲ್ಲರೂ ಸೇರಿ ಮೇಕೆಯನ್ನು ಕೊಯ್ದಿರುತ್ತಾರೆ ಎಂಬುದು ಅಜ್ಜಿಯ ವಾದ.

ನನಗೆ ಒಂಬತ್ತು ವರ್ಷವಿದ್ದಾಗ ಅಜ್ಜಿ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ಅಪ್ಪ ಬೇಲೂರಿನಲ್ಲಿ ಬಸ್ಸು ತುಂಬ ಜನ ಕೂರಿಸಿಕೊಂಡು ಹೊರಟಿದ್ದರು. ಜನರನ್ನು ಅರಸೀಕೆರೆಗೆ ಮುಟ್ಟಿಸಿ, ಬಸ್ಸನ್ನು ಡಿಪೋಗೆ ಬಿಟ್ಟು, ಆಮೇಲೆ ಹೋದರು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಈ ಪಿಕ್ಚರಿನ ಸಿ.ಡಿ. ಕಣ್ಣಿಗೆ ಬಿದ್ದಿದ್ದೇ ತಂದುಬಿಟ್ಟರು. ಒಂದು ಪಿಕ್ಚರಿಗೆ ಎರಡು ಸಿ.ಡಿ. ಮೊದಲನೆಯದು ಮುಗಿಯುವಷ್ಟರಲ್ಲಿ ಅಪ್ಪ ಗೊರಕೆ. ಎರಡನೆಯದನ್ನು ನಾನೊಬ್ಬಳೇ ಹಾಕಿಕೊಂಡು ನೋಡಿದೆ. ಕೆಂಪು ಕೋಟಿನವನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಕ್ಲಾರಿನೆಟ್ ಊದುವುದನ್ನು ನೋಡಿ, ಶಬ್ದ ಪೂರ್ತಿ ಕಡಿಮೆ ಮಾಡಿ, ಸಿ.ಡಿ.ಯನ್ನು ತೆಗೆದಿಟ್ಟೆ.

ಅಪ್ಪ ಟೀ ಹೊತ್ತಿಗೆ ಎದ್ದರು.

“ಮುಗ್ದೋಯ್ತಾ? ಕೊನೆಗೇನಾಯ್ತೇ?”

“ಮಗ ಬರ್ತಾನೆ.”

“ತಾಯಿ?”

“ಕಣ್ಣು ಬಿಡ್ತಾಳೆ.”

“ಬಿಟ್ಟು?”

ಇಷ್ಟಕ್ಕೇ ಬಿಡುವವರಲ್ಲ. ನಾನು ಇನ್ನೂ ಕಟ್ಟಬೇಕಾಯಿತು. “‘ಬಂದ್ಯಾ, ಉಂಡ್ಯಾ?’ ಅಂತಾಳೆ. ಆಮೇಲೆ ಎದ್ದು ಉಪ್ಪಿಟ್ಟು ಮಾಡ್ತಾಳೆ. ಮೇಕೆಗೂ ಹಾಕ್ತಾಳೆ.”

ಅಪ್ಪ ಟೀ ಲೋಟ ಹಿಡಿದುಕೊಂಡು ತುಂಬಾ ಹೊತ್ತು ನಕ್ಕರು. ಕಾರ್ಯದ ಮನೆಯಲ್ಲಿ ಅಷ್ಟು ದಿನದ ಮೇಲೆ ಕೇಳಿದ ಮೊದಲ ನಗು ಅದು.

ಅಲ್ಲಿಂದ ಆ ಸುಳ್ಳು ನನ್ನ ಕೈ ಮೀರಿತು. “ಬಂದ್ಯಾ, ಉಂಡ್ಯಾ?” ಎಂಬ ಮಾತು ಡಿಪೋದಲ್ಲೆಲ್ಲ ಓಡಾಡಿತು. ತಡವಾಗಿ ಬಂದ ಬಸ್ಸಿನವರನ್ನು ಹಾಗೇ ಕೇಳುತ್ತಾರಂತೆ. ನನಗೆ ಆ ಪಿಕ್ಚರು ಹಾಕಿದ ಭಾನುವಾರವೆಲ್ಲ ಗಡಿಯಾರ ನೋಡುತ್ತಾ, ಅಪ್ಪ ಇಂಟರ್‌ವಲ್ ದಾಟುತ್ತಾರಾ ಎಂದು ಕಾಯುತ್ತಾ ಕೂರುವುದು ಅಭ್ಯಾಸವಾಯಿತು. ನೋಟ್‌ಬುಕ್ಕಿನಲ್ಲಿ ನಿದ್ದೆಯ ಕಾಲಂ ಹುಟ್ಟಿದ್ದೇ ಹಾಗೆ. ಇಂಟರ್‌ವಲ್ ದಾಟಿದ ಮೂರು ಸಲದಲ್ಲಿ ಎರಡು ಸಲ ಸಿ.ಡಿ. ಸಿಕ್ಕಿಹಾಕಿಕೊಂಡಿದೆ ಎಂದು ನಾನೇ ನಿಲ್ಲಿಸಿದ್ದೆ. ಈಗ ನನಗೆ ಇಪ್ಪತ್ತನಾಲ್ಕು. ಸಿ.ಡಿ. ಹೋಗಿ ಟಿ.ವಿ.ಯಲ್ಲೇ ನೆಟ್ ಬಂದಿದೆ, ಸಿಕ್ಕಿಹಾಕಿಕೊಳ್ಳುವುದಿಲ್ಲ.

ಈ ಸಲ ಆಗಿದ್ದೇನೆಂದರೆ, ಜೂನ್ ಕೊನೆಯಲ್ಲಿ ಅಪ್ಪ ಬಾಣಾವರದಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಉಳುಕಿ, ಮೂಳೆ ಬಿರುಕು ಬಿಟ್ಟು, ಆರು ವಾರ ಪ್ಲಾಸ್ಟರು. ಬೆಳಗ್ಗೆ ಎಂಟರವರೆಗೆ ಮಲಗುತ್ತಿದ್ದಾರೆ. ಮಧ್ಯಾಹ್ನ ಕಣ್ಣು ನಕ್ಷತ್ರದ ಹಾಗೆ.

“ಈ ಸಲ ಪೂರ್ತಿ ನೋಡ್ತೀನಿ ಕಣೇ. ‘ಬಂದ್ಯಾ, ಉಂಡ್ಯಾ’ ಅನ್ನದ್ನ ನನ್ ಕಣ್ಣಾರೆ ನೋಡ್ಬೇಕು.”

ಅವತ್ತು ನಾನು ಮೂರು ಮುದ್ದೆ ಬಡಿಸಿದೆ. ಎರಡು ಲೋಟ ಮಜ್ಜಿಗೆ. ಫ್ಯಾನು ಐದರಲ್ಲಿ. ಕಿಟಕಿ ಪರದೆ ಎಳೆದೆ. 3.05ಕ್ಕೆ ಒಂದು ಆಕಳಿಕೆ ಬಂತು, ಬರೆದುಕೊಂಡೆ. 3.20ಕ್ಕೆ ಇಂಟರ್‌ವಲ್. ಅಪ್ಪ ಎದ್ದು ಗೋಡೆ ಹಿಡಿದು ಹೋಗಿ ಮುಖ ತೊಳೆದು ಬಂದು ಕುರ್ಚಿಯಲ್ಲಿ ಕೂತರು.

“ಅಪ್ಪ, ಕಾಲು ಕೆಳಗೆ ಬಿಟ್ಟಿದ್ರೆ ಊದುತ್ತೆ. ಒಳಗೆ ಹೋಗಿ ಮಲಗಿ.”

“ಊದ್ಲಿ ಬಿಡು, ಅವನೂ ಊದ್ತಾವ್ನೆ.”

4.20ಕ್ಕೆ ನಾನು ನೆಟ್ ಹೋಯಿತು ಎಂದೆ. ಹೋಗಿರಲಿಲ್ಲ, ಅಪ್ಪ ರಿಮೋಟು ಕಿತ್ತುಕೊಂಡರು. 4.22ಕ್ಕೆ ಕೊನೆಯ ಹನ್ನೆರಡು ನಿಮಿಷ ಶುರುವಾಯಿತು. ನಾನು ಟಿ.ವಿ. ನೋಡಲಿಲ್ಲ, ಅಪ್ಪನನ್ನು ನೋಡಿದೆ. ಹಾಸನದ ಆಸ್ಪತ್ರೆಯ ಬಗ್ಗೆ ಅವರು ಹದಿನೈದು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ಪಿಕ್ಚರಿನ ಆಸ್ಪತ್ರೆ ಬಾಗಿಲನ್ನು ಈಗ ನೋಡಿ ಏನಾಗಿಬಿಡುತ್ತಾರೋ ಎಂಬುದೇ ನನ್ನ ಭಯ. ನರ್ಸು ಚಾದರ ಮಡಿಸುವಾಗ ಅಪ್ಪನ ಕೈ ಪ್ಲಾಸ್ಟರಿನ ಮೇಲೆ ಇತ್ತು. ಕ್ಲಾರಿನೆಟ್ ನಿಂತ ಮೇಲೂ ಅಲ್ಲೇ ಇತ್ತು.

“ಇವ್ನು ಬಾಗ್ಲುಗಂಟನಾದ್ರೂ ಬಂದ,” ಎಂದರು. “ನಾನ್ ಹೋಗೋ ಹೊತ್ಗೆ ಅವ್ವನ್ನ ಊರಿಗೆ ತಂದು ಚಟ್ಟ ಕಟ್ತಿದ್ರು. ಬಸ್ನಾಗೆ ಐವತ್ತೆರಡು ಜನ ಇದ್ರು ಕಣೇ. ನಡುದಾರೀಲಿ ಯಾರನ್ನ ಇಳ್ಸದು?”

ಐವತ್ತೆರಡು. ಇಷ್ಟು ವರ್ಷ ಅವರೂ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಟೀ ಇಟ್ಟೆ.

ಟೀ ಕುಡಿಯುತ್ತಾ ಅಪ್ಪ ಇದ್ದಕ್ಕಿದ್ದಂತೆ ಟಿ.ವಿ. ಕಡೆ ಕೈ ತೋರಿಸಿದರು. “ಆದ್ರೆ ಇದು ಆವತ್ತು ನೀನ್ ನೋಡಿದ್ ಕಾಪಿ ಅಲ್ಲ. ಕೊನೆ ಬದಲಾಯ್ಸವ್ರೆ.”

ನಾನು ಆಗಲೇ ಒಪ್ಪಿಕೊಂಡೆ. “ಅಪ್ಪ, ಬದಲಾಯಿಸಿದ್ದು ನಾನು. ಆವತ್ತು ನಿಮಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದೆ.”

“ಹೋಗೇ! ಒಂಬತ್ತು ವರ್ಷದ ಮಗೀಗೆ ಅಂಥ ಡೈಲಾಗ್ ಬರಿಯಕ್ಕೆ ಬತ್ತದಾ?”

ಅಷ್ಟಕ್ಕೇ ನಿಲ್ಲದೆ ತಮ್ಮ ಕಂಡಕ್ಟರಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ಹಳೇಬೀಡಿನವರು, ಅಪ್ಪನ ಜೊತೆ ಹತ್ತು ವರ್ಷದಿಂದ ಒಂದೇ ಬಸ್ಸು.

“ಏನ್ಲಾ, ಆ ಬ್ಯಾಂಡ್‌ಸೆಟ್ ಪಿಕ್ಚರ್ನಾಗೆ ತಾಯಿ ಕೊನೆಗೇನಾಯ್ತಾಳ್ಲಾ?”

“ಎದ್ದು ‘ಬಂದ್ಯಾ, ಉಂಡ್ಯಾ’ ಅಂತಾಳಲ್ಲಣ್ಣ.”

“ನಾನ್ ಹೇಳಿದ್ದೋ, ನೀನ್ ನೋಡಿದ್ದೋ?”

“ನಮ್ಮೂರ ಟೆಂಟ್ನಾಗೆ ನೋಡಿವ್ನಿ ಕಣಣ್ಣ. ಮೊದ್ಲು ಅವಳು ಸಾಯ್ತಿದ್ಲಂತೆ. ಹೆಂಗಸ್ರು ಅತ್ಕೊಂಡು ಬೈದ್ರು ಅಂತ ಆಮೇಲೆ ಬೇರೆ ರೀಲು ಸೇರ್ಸುದ್ರಂತೆ. ಉಪ್ಪಿಟ್ಟು ಮಾಡದ್ನೂ ನೋಡಿವ್ನಿ.”

ಅಪ್ಪ ಫೋನು ಇಟ್ಟು ನನ್ನನ್ನು ಗೆದ್ದವರ ಹಾಗೆ ನೋಡಿದರು. “ನನ್ ಮಗಳು ಸುಳ್ಳು ಹೇಳಲ್ಲ ಅಂತ ನಂಗೊತ್ತು. ಆ ಕಾಪಿ ಹುಡ್ಕು.”

ಉಪ್ಪಿಟ್ಟು ನನ್ನದೇ. ಆ ಸುಳ್ಳು ಹೇಳಿದ ದಿನ ನಮ್ಮ ಮನೆಯಲ್ಲಿ ಮಾಡಿದ್ದರು, ಅದಕ್ಕೇ ಬಾಯಿಗೆ ಬಂತು. ಕಂಡಕ್ಟರು ಹತ್ತು ವರ್ಷ ಅಪ್ಪನ ಬಾಯಲ್ಲಿ ಕೇಳಿ ಕೇಳಿ ತಾವೇ ನೋಡಿದ್ದು ಎಂದುಕೊಂಡಿರಬೇಕು. ಆದರೆ ಜನ ಒಪ್ಪದಿದ್ದಾಗ ಕೊನೆ ಬದಲಿಸಿ ತೋರಿಸುತ್ತಿದ್ದದ್ದು ಆ ಕಾಲದಲ್ಲಿ ಇತ್ತೆಂದು ಇನ್ನೂ ಇಬ್ಬರು ಹಿರಿಯರು ಹೇಳಿದ್ದಾರೆ. ಆ ಭಾನುವಾರದಿಂದ ಅಪ್ಪ ದಿನಕ್ಕೊಂದು ಸಲ “ಸಿಕ್ತಾ?” ಎಂದು ಕೇಳುತ್ತಾರೆ. ಅಜ್ಜಿಯ ವಿಷಯವನ್ನೂ ಮಾತಾಡುತ್ತಿದ್ದಾರೆ. ಇವತ್ತಿಗೆ ನಾಲ್ಕು ಸಲ ಆಯಿತು.

ಆದ್ದರಿಂದ ಒಂದು ಕೋರಿಕೆ. ಅರಸೀಕೆರೆ, ಬಾಣಾವರ, ಹಾರನಹಳ್ಳಿ, ಹಳೇಬೀಡು, ಬೇಲೂರು, ಈ ಯಾವ ಊರಿನ ಟೆಂಟಿನಲ್ಲಾದರೂ ಈ ಪಿಕ್ಚರನ್ನು ಕೊನೆವರೆಗೆ ಕೂತು ನೋಡಿದವರು, ತಾಯಿ ಕಣ್ಣು ಬಿಟ್ಟಳೇ ಇಲ್ಲವೇ ಎಂದು ನನಗೆ ಬರೆದು ತಿಳಿಸಿ. ವರ್ಷ ಸರಿಯಾಗಿ ನೆನಪಿಲ್ಲದಿದ್ದರೂ ಪರವಾಗಿಲ್ಲ, ಊರು ಹೇಳಿ. ಕಣ್ಣು ಬಿಡಲಿಲ್ಲ ಎಂದು ಖಚಿತವಾಗಿ ಗೊತ್ತಿರುವವರೂ ಬರೆಯಬೇಕು. ಆ ಕಾಗದಗಳನ್ನು ಅಪ್ಪನಿಗೆ ಯಾವಾಗ ತೋರಿಸಬೇಕೆಂಬುದನ್ನು ನಾನು ನೋಡಿಕೊಳ್ಳುತ್ತೇನೆ.